ಕುತ್ತಿಗೆಯ ಕೆಂಪು

"ಅಜ್ಜಾರ, ಹೊಸ ಕೆಲಸ ಜಲ್ದಿ ಕಲೀಬೇಕು, ಕಲಿತದ್ದು ಮರೀಬಾರದು. ಅದಕ್ಕ ಏನರ ಹಾದಿ ಐತೇನ್ರಿ?" ಎಂದು ಮುರಿಗೆಪ್ಪ ಮಠದ ಗುರುಗಳನ್ನು ಕೇಳಿದ.

ಮುರಿಗೆಪ್ಪ ಹೋದ ವರ್ಷ ಸಾಬೂನು ಮಾಡುವ ಉದ್ದಿಮೆ ಶುರು ಮಾಡಿದವನು. ಅದು ಕೈಗೆ ಹತ್ತುವ ಮೊದಲೇ ಊದಿನಕಡ್ಡಿಗೆ ಕೈ ಹಾಕಿದ್ದ. ಈಗ ಎಣ್ಣೆಗಾಣದ ಮಾತಾಡುತ್ತಿದ್ದ. ಕಲಿಯುವುದರಲ್ಲಿ ಚುರುಕು, ಮರೆಯುವುದರಲ್ಲಿ ಇನ್ನೂ ಚುರುಕು. ಸಾಬೂನಿನ ಪಾಕ ಒಮ್ಮೆ ಸರಿಬಂದರೆ ಮತ್ತೊಮ್ಮೆ ಕೆಡುತ್ತಿತ್ತು. ಸೋಡಾ ಹೆಚ್ಚಾದ ಪಾಕ ಮುಟ್ಟಿದವರ ಚರ್ಮ ಸುಡುತ್ತಿತ್ತು. ಜೊತೆಗೆ ಬಂದಿದ್ದ ಅವನ ತಮ್ಮ ಬಾಳಪ್ಪ ಸಾಬೂನಿನ ಪೆಟ್ಟಿಗೆಯನ್ನು ಗುರುಗಳ ಮುಂದಿಟ್ಟು, ಕೈಮುಗಿದು, ಹೊರಗಿನ ಕಟ್ಟೆಯ ಮೇಲೆ ಹೋಗಿ ಕುಳಿತಿದ್ದ. ಅವನು ಕೈಮುಗಿದಾಗ ಗುರುಗಳು ಆ ಕೈಗಳನ್ನು ಒಂದು ಗಳಿಗೆ ನೋಡಿದ್ದರು.

"ಕೆಟ್ಟ ಪಾಕ ಏನ್ ಮಾಡ್ತಿ?" ಎಂದು ಗುರುಗಳು ಕೇಳಿದರು.

"ಅದನ್ನೆಲ್ಲಾ ಬಾಳಪ್ಪ ನೋಡ್ಕೊಂತಾನ್ರಿ. ಸಾಬೂನು ಮೊದಲ ಹಚ್ಚಿ ನೋಡಾಂವ ಅವನ. ಗಿರಾಕಿ ಬೈದ್ರ ಬೈಸಿಕೊಳ್ಳಾಂವನೂ ಅವನ. ನನಗ ಕಲಿಯೂದಕ್ಕ ಹೊತ್ತು ಸಾಲೂದಿಲ್ಲ."

ಗುರುಗಳು ಅವನಿಗೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಅರಿವೆ ವ್ಯಾಪಾರಿ ಇದ್ದ. ಬೇರೆಯವರು ಬಣ್ಣ ಹಾಕಿದ ಬಟ್ಟೆ ಮಾರಿ ಮಾರಿ ಅವನಿಗೆ ಸಾಕಾಯಿತು. ಬಣ್ಣದ ಕೆಲಸವನ್ನೇ ಕಲಿತು ತನ್ನದೇ ಬಣ್ಣದ ಮನೆ ತೆರೆಯಬೇಕೆಂದು ಹೊರಟ. ಅವನಿಗೆ ಒಬ್ಬಳೇ ಮಗಳು. ದೊಡ್ಡ ಮನೆತನದಲ್ಲಿ ಅವಳ ಮದುವೆ ಗೊತ್ತಾಗಿತ್ತು. ಬೀಗರ ಕಡೆಯವರಿಗೆಲ್ಲ ತಲೆಗೆ ಸುತ್ತುವ ಕೆಂಪು ರುಮಾಲು ಉಡುಗೊರೆ ಕೊಡಬೇಕು, ಅವು ತನ್ನ ಕೈಯಲ್ಲೇ ಬಣ್ಣ ಕಂಡಿರಬೇಕು ಎಂಬುದು ಅವನ ಹಟ. ತಂದೆಗೆ ಅಂಥ ಆಸೆ ಇರಬಾರದೆಂದು ಯಾರು ಹೇಳುತ್ತಾರೆ?

ಹೊಳೆಯ ದಂಡೆಯಲ್ಲಿ ಒಬ್ಬ ಮುದಿ ಬಣ್ಣಗಾರನಿದ್ದ. ಬೇರು ಕುದಿಸಿ ಕೆಂಪು ತೆಗೆಯುವುದರಲ್ಲಿ ಅವನದು ಎತ್ತಿದ ಕೈ. ಅವನ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಕಲಿಯಲು ಬಂದವನು ತಾನು ಬಣ್ಣ ಹಾಕಿದ ಬಟ್ಟೆಯನ್ನು ತಾನೇ ಹೊದೆಯಬೇಕು, ಅದೂ ಬರಿಮೈಗೆ. ಹೊದ್ದು ಬಿಸಿಲಲ್ಲಿ ಕೆಲಸ ಮಾಡಬೇಕು, ಸಂತೆಗೆ ಹೋಗಬೇಕು. ಬಣ್ಣ ಸರಿಯಾಗಿ ಕೂತಿರದಿದ್ದರೆ ಬೆವರಿಗೆ ಬಿಟ್ಟು ಕುತ್ತಿಗೆಗೆ ಹತ್ತುತ್ತಿತ್ತು. ಓಣಿಯವರು ನಗುತ್ತಿದ್ದರು. ಕುತ್ತಿಗೆ ಕೆಂಪಾಗುವುದು ನಿಂತ ಮೇಲೆಯೇ ಬಣ್ಣಗಾರ ಅಪ್ಪಣೆ ಕೊಟ್ಟು ಕಳಿಸುತ್ತಿದ್ದ.

ವ್ಯಾಪಾರಿ ಬುದ್ಧಿವಂತ. ಅಳಲೆಕಾಯಿ ನೀರು, ಬಣ್ಣ ಹಿಡಿಸುವ ಪಟಿಕದ ನೀರು, ಒಣಗಿಸುವುದು, ಬೇರಿನ ಜೊತೆ ಕುದಿಸುವುದು, ಹೊಳೆಯಲ್ಲಿ ಒಗೆಯುವುದು, ಎಲ್ಲವನ್ನೂ ಕೆಲವೇ ದಿನಗಳಲ್ಲಿ ಬಾಯಿಪಾಠ ಮಾಡಿಕೊಂಡ. ಅವನ ಜೊತೆ ಕಲಿಯುತ್ತಿದ್ದ ಇನ್ನೊಬ್ಬನ ಕುತ್ತಿಗೆ ಸದಾ ಕೆಂಪು. ಅವನನ್ನು ಕಂಡು ಮಕ್ಕಳು ಕೋಳಿಯಂತೆ ಕೂಗುತ್ತಿದ್ದರು. ಪಾಪ, ಅವನು ತಲೆ ತಗ್ಗಿಸಿಕೊಂಡು ಮನೆಗೆ ಹೋಗಿ, ಎಲ್ಲಿ ಅವಸರ ಮಾಡಿದೆ ಎಂದು ಯೋಚಿಸುತ್ತ ಕೂರುತ್ತಿದ್ದ.

ವ್ಯಾಪಾರಿಗೆ ಅಷ್ಟು ಪುರುಸೊತ್ತೆಲ್ಲಿ? ಮದುವೆ ಹತ್ತಿರ ಬರುತ್ತಿತ್ತು. ಸಂತೆಯಲ್ಲಿ ಹತ್ತು ಜನರ ಮುಂದೆ ನಗೆಪಾಟಲಾಗುವುದು ಅವನ ಜಾಯಮಾನಕ್ಕೆ ಒಗ್ಗುವಂಥದ್ದೂ ಅಲ್ಲ. ಅವನೊಂದು ಉಪಾಯ ಮಾಡಿದ. ಕೆಂಪು ಬಟ್ಟೆಯ ಒಳಗೆ, ಹೊರಗೆ ಕಾಣದಂತೆ, ತೆಳ್ಳಗಿನ ಬಿಳಿ ಅರಿವೆ ಸುತ್ತಿಕೊಂಡ. ಬಿಟ್ಟ ಬಣ್ಣವನ್ನೆಲ್ಲ ಆ ಅರಿವೆ ಹೀರಿಕೊಂಡಿತು. ಕುತ್ತಿಗೆ ತೊಳೆದಿಟ್ಟ ಹಾಗಿತ್ತು. ಸಂಜೆಯಾದರೆ ಅರಿವೆಯನ್ನು ಬಿಚ್ಚಿ, ಮಡಚಿ, ಹೊಳೆಗೆ ಎಸೆದುಬಿಡುತ್ತಿದ್ದ. ಯಾವ ದಿನ ಹೆಚ್ಚು ಕೆಂಪಾಗಿದೆ, ಯಾವ ದಿನ ಕಡಿಮೆ ಎಂದು ಒಮ್ಮೆಯೂ ಬಿಡಿಸಿ ನೋಡಲಿಲ್ಲ. ಪಟಿಕ ಹಾಕಿದ ಬಟ್ಟೆಯನ್ನು ಅರೆಬರೆ ಒಣಗಿಸಿ ಕುದಿಸುತ್ತಿದ್ದುದೇ ಅವನ ತಪ್ಪು. ಅರಿವೆ ಅದನ್ನು ದಿನವೂ ಹೇಳುತ್ತಿತ್ತು. ಕೇಳುವವನಿಗೆ ಅದು ಬೇಡವಾಗಿತ್ತು.

ಒಂದು ದಿನ ಬಣ್ಣಗಾರ ಅವನ ಕುತ್ತಿಗೆಯನ್ನು ಮುಟ್ಟಿ ನೋಡಿದ. ಮುದುಕನ ಕಣ್ಣು ತುಂಬಿ ಬಂತು.

"ಇಷ್ಟು ಲಗೂನ ಯಾರೂ ಕಲಿತಿರಲಿಲ್ಲಪಾ. ನನ್ನ ಕೈಗಿಂತ ನಿನ್ನ ಕೈ ಚಲೋ ಐತಿ. ಹೋಗು, ಮಗಳ ಮದುವಿ ಚಂದಾಗಿ ಮಾಡು" ಎಂದ.

ವ್ಯಾಪಾರಿಗೆ ಒಳಗಿನ ಬಿಳಿ ಅರಿವೆ ನೆನಪಾಯಿತು. ಹೇಳಿಬಿಡಲೇ ಎನ್ನಿಸಿತು. ಹೇಳಿದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕಲ್ಲ! ಮುದುಕನ ಕಾಲು ಮುಟ್ಟಿ ಊರಿಗೆ ನಡೆದ.

ಬಣ್ಣದ ಮನೆ ತೆರೆದ. ಕಟ್ಟಿಗೆಯ ಹೊಗೆ ಏಳುವಾಗ ಎದೆಯುಬ್ಬಿಸಿ ನಿಲ್ಲುತ್ತಿದ್ದ. ಆದರೆ ಬಾಯಿಪಾಠದ ವಿದ್ಯೆ ಎಷ್ಟು ದಿನ ಬಾಳುತ್ತದೆ? ಪಟಿಕ ಮೊದಲೋ ಅಳಲೆ ಮೊದಲೋ ಎಂದು ಒಂದೊಂದು ಸಲ ತೊಟ್ಟಿಯ ಮುಂದೆ ನಿಂತು ತಡವರಿಸುತ್ತಿದ್ದ. ಆದರೂ ರುಮಾಲುಗಳು ದಾಸವಾಳದಂತೆ ಕೆಂಪಗೆ ಬಂದವು. ಮಗಳು ಅವನ್ನು ಒಂದೊಂದಾಗಿ ಮಡಚಿ ತಟ್ಟೆಯಲ್ಲಿ ಜೋಡಿಸಿದಳು. "ಅಪ್ಪಾ, ನೀ ಮಾಡಿದ್ದು ಅಂತ ನಾ ಎಲ್ಲಾರಿಗೂ ಹೇಳ್ತೀನಿ" ಎಂದಳು.

ಮದುವೆಯ ದಿನ ಸುಡುಬಿಸಿಲು. ಬೀಗರ ಕಡೆಯವರು ಚಪ್ಪರದಲ್ಲಿ ಕೆಂಪು ರುಮಾಲು ಸುತ್ತಿಕೊಂಡು ಠೀವಿಯಿಂದ ಕುಳಿತರು. ಹುಡುಗಿಗೆ ತಾಳಿ ಬಿತ್ತು, ಅಕ್ಕಿಕಾಳು ಬಿದ್ದವು. ಅಷ್ಟರಲ್ಲಿ ಮದುಮಗನ ಹಣೆಯಿಂದ ಒಂದು ಕೆಂಪು ಗೆರೆ ಇಳಿದು ಹುಬ್ಬಿನಲ್ಲಿ ನಿಂತಿತು. ಅವನ ತಂದೆ ಹಣೆ ಒರೆಸಿಕೊಂಡು ಅಂಗೈ ನೋಡಿಕೊಂಡರು. ಸಾಲಾಗಿ ಕುಳಿತಿದ್ದವರ ಮುಖದ ಮೇಲೆಲ್ಲ ಕೆಂಪು ಇಳಿಯತೊಡಗಿತು. ಹೆಂಗಸರು ಬಾಯಿಗೆ ಸೆರಗು ಹಿಡಿದರು. ಅದು ರಕ್ತವಲ್ಲ, ಬಣ್ಣ ಎಂದು ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದರೇನು, ಅಪಶಕುನ ಎಂಬ ಮಾತು ಒಮ್ಮೆ ಹೊರಬಿದ್ದ ಮೇಲೆ ಅದನ್ನು ತೊಳೆಯುವವರು ಯಾರು?

ಮದುಮಗನ ತಂದೆ ರುಮಾಲು ತೆಗೆದು ನೆಲಕ್ಕಿಟ್ಟರು.

"ತಾಳಿ ಬಿದ್ದೈತಿ, ಹುಡುಗೀನ ಕರಕೊಂಡು ಹೋಗ್ತೀವಿ. ಇನ್ನ ಮ್ಯಾಲ ನಿಮ್ಮ ಮನಿ ಅರಿವಿ ನಮ್ಮ ಹೊಸ್ತಿಲಾ ದಾಟಬಾರದು. ನಮ್ಮ ಸೊಸಿ ನಿಮ್ಮ ಹೊಸ್ತಿಲಾ ತುಳಿಯೂದಿಲ್ಲ" ಎಂದರು.

ಮಗಳು ತಿರುಗಿ ತಂದೆಯನ್ನು ನೋಡಿದಳು. ಬಂಡಿ ಹತ್ತಿದಳು. ಬಂಡಿ ಹೊರಟುಹೋಯಿತು. ಗಂಡನ ಮನೆಯಲ್ಲಿ ಹಸು ಸತ್ತರೂ ಮಗುವಿಗೆ ಜ್ವರ ಬಂದರೂ ಅವಳ ತವರಿನ ಕೆಂಪನ್ನೇ ಎತ್ತಿ ಆಡಿದರು. ಅದೆಲ್ಲ ವ್ಯಾಪಾರಿಯ ಕಿವಿಗೂ ಬೀಳುತ್ತಿತ್ತು.

ಅವನು ಮತ್ತೆ ಹೊಳೆದಂಡೆಗೆ ಹೋದ. ಮುದಿ ಬಣ್ಣಗಾರ ತೀರಿಕೊಂಡಿದ್ದ. ಅವನ ತೊಟ್ಟಿಯ ಮುಂದೆ, ಹಿಂದೆ ಕುತ್ತಿಗೆ ಕೆಂಪಾಗಿದ್ದ ಆ ಇನ್ನೊಬ್ಬನು ಕೂತಿದ್ದ. ವ್ಯಾಪಾರಿ ಅವನ ಬಳಿ ಸೇರಿ, ಈ ಸಲ ಬರಿಮೈಗೆ ಹೊದ್ದ. ಕುತ್ತಿಗೆ ಕೆಂಪಾಯಿತು, ಮಕ್ಕಳು ಕೂಗಿದರು, ಅವನು ಕೂಗಿಸಿಕೊಂಡ. ಕೊನೆಗೆ ಎಷ್ಟು ಒಗೆದರೂ ಬಿಡದ ಕೆಂಪು ಅವನ ಕೈಗೆ ಬಂತು. ಮೊದಲು ಬಂದ ಸೀರೆಯನ್ನು ಮಗಳಿಗೆ ಕಳಿಸಿದ. ಮಡಿಕೆ ಬಿಚ್ಚದೆ ಅದು ಹಾಗೆಯೇ ವಾಪಸು ಬಂತು. ಮರುವರ್ಷವೂ ಕಳಿಸಿದ, ಮರುವರ್ಷವೂ ಬಂತು.

ಗುರುಗಳು ಕತೆ ನಿಲ್ಲಿಸಿದರು. ಮುರಿಗೆಪ್ಪನಿಗೆ ಕಸಿವಿಸಿಯಾಯಿತು. ತನ್ನ ಪ್ರಶ್ನೆಗೆ ಉತ್ತರ ಇನ್ನೂ ಸಿಕ್ಕಿಲ್ಲವೆಂದೇ ಅವನು ತಿಳಿದಿದ್ದ.

"ಕಡೀಕರ ಕಲಿತನಲ್ರಿ ಅಜ್ಜಾರ?" ಎಂದ.

"ಕಲಿತ. ಮರೀಲೂ ಇಲ್ಲ."

"ಹಂಗಾದ್ರ ನಾ ಈಗ ಏನ್ ಮಾಡ್ಲಿ?"

ಗುರುಗಳು ಸಾಬೂನಿನ ಪೆಟ್ಟಿಗೆಯನ್ನು ಅವನ ಕಡೆಗೆ ಸರಿಸಿದರು.

"ಹೊರಗ ಕುಂತಾನಲ್ಲ ನಿನ್ನ ತಮ್ಮ, ಹೋಗಿ ಅವನ ಅಂಗೈ ನೋಡಿ ಬಾ."