ಚುಕ್ಕಿಯ ಗರಿ, ನಿಂಗಜ್ಜಿಯ ದನಿ

ಹತ್ತಿರ ಬರ್ರಿ ಕೂಸುಗಳೇ, ಮೆಲ್ಲಗೆ ಕೂತು ಕೇಳ್ರಿ.

ಚುಕ್ಕಿ ಅನ್ನೋ ಕೋಳಿಗೆ ಐದು ಮರಿ. ಸಂಜೆ ಎಣಿಸಿದಳು. ಒಂದು, ಎರಡು, ಮೂರು, ನಾಲ್ಕು. ಬೂದಿಮರಿ ಇಲ್ಲ.

ಹತ್ತಿಕಟಗಿ ರಾಶಿಯ ಹಿಂದೆ ಮುಂಗುಸಿ ಓಡಾಡುತ್ತಿತ್ತು. ಹೊತ್ತು ಇಳಿಯುತ್ತಿತ್ತು. ಚುಕ್ಕಿ ಕೂಗಿದಳು. ಓಣಿಯ ಮಗ್ಗಗಳು ಖಟಖಟ ಅಂದವು. ಮರಿಗೆ ಕೇಳಲಿಲ್ಲ.

ಚುಕ್ಕಿ ಮನೆಯ ಯಜಮಾನ ಕಲ್ಲಜ್ಜನ ಹತ್ತಿರ ಹೋದಳು.

"ಅಜ್ಜಾ, ಅಜ್ಜಾ, ಬೂದಿಮರಿ ಕರಿ."

"ನನ್ನ ದನಿಗೆ ಅದು ಬರೂದಿಲ್ಲವ್ವ. ನಿಂಗಜ್ಜಿ ಕರದರ ಬರತೈತಿ."

ನಿಂಗಜ್ಜಿ ಕಲ್ಲಜ್ಜನ ಹೆಂಡತಿ. ಹೋದ ವರ್ಷ ತೀರಿಕೊಂಡಳು. ಅವಳು ಕೋಳಿ ಕರೆಯುವ ದನಿ ಕಂಪ್ಯೂಟರಿನೊಳಗೆ ಉಳಿದಿತ್ತು. ದಿನಾ ಸಂಜೆ ಅಜ್ಜ ಅದನ್ನು ಹಚ್ಚುತ್ತಿದ್ದ. ಮರಿಗಳು ಮನೆಗೆ ಬರುತ್ತಿದ್ದವು.

"ಹಚ್ಚು ಮತ್ತ."

"ಸ್ಪೀಕರು ಚುಚ್ಚೋ ತೂತು ಸುಟ್ಟೈತಿ. ಅಂಗಳದಾಗ ವೈರ್ ಇಲ್ಲದ ಸ್ಪೀಕರ್ ಡಬ್ಬಿ ಐತಿ. ಅದಕ್ಕ ದನಿ ಕಳಸೋ ಬ್ಲೂಟೂತ್ ಚಿಪ್ ಕಂಪ್ಯೂಟರಿಗಿಲ್ಲ. ರಿಪೇರಿ ಶಂಕ್ರವ್ವನ ಕೇಳು."

ಚುಕ್ಕಿ ಶಂಕ್ರವ್ವನ ಹತ್ತಿರ ಹೋದಳು.

"ಅಕ್ಕಾ, ಅಕ್ಕಾ, ಚಿಪ್ ಬೆಸೆದು ಕೊಡು. ಕಂಪ್ಯೂಟರ್ ದನಿ ಕೊಡತೈತಿ. ನಿಂಗಜ್ಜಿ ಕರೀತಾಳ. ಬೂದಿಮರಿ ಮನಿಗೆ ಬರತೈತಿ."

"ಬೆಸೀತೀನಿ. ಚಿಪ್ ಎಲ್ಲಿ? ಗುಜರಿ ಮೋದಿನಸಾಬನ ಹತ್ರ ಸತ್ತ ಲ್ಯಾಪ್‌ಟಾಪ್ ಐತಿ. ಅದರಾಗ ಉಗುರಿನಷ್ಟು ಚಿಪ್ ಇರತೈತಿ. ತಗೊಂಡು ಬಾ."

ಹೊತ್ತು ಗೇಣುದ್ದ ಇಳಿಯಿತು. ಚುಕ್ಕಿ ಮೋದಿನಸಾಬನ ಹತ್ತಿರ ಹೋದಳು.

"ಸಾಬಣ್ಣಾ, ಸಾಬಣ್ಣಾ, ಚಿಪ್ ಕೊಡು. ಶಂಕ್ರವ್ವ ಬೆಸೀತಾಳ. ಕಂಪ್ಯೂಟರ್ ದನಿ ಕೊಡತೈತಿ. ನಿಂಗಜ್ಜಿ ಕರೀತಾಳ. ಬೂದಿಮರಿ ಮನಿಗೆ ಬರತೈತಿ."

"ಕೊಡತೀನಿ. ಸ್ಕ್ರೂ ತುಕ್ಕು ಹಿಡದಾವ. ಜಗ್ಗಿದರ ಚಿಪ್ ಮುರಿತೈತಿ. ನೇಕಾರ ತಿಪ್ಪವ್ವನ ಹತ್ರ ಒಂದು ಹನಿ ಎಣ್ಣಿ ತಾ."

ಹೊತ್ತು ಇನ್ನೊಂದು ಗೇಣು ಇಳಿಯಿತು. ಚುಕ್ಕಿ ತಿಪ್ಪವ್ವನ ಹತ್ತಿರ ಹೋದಳು.

"ಚಿಗವ್ವಾ, ಚಿಗವ್ವಾ, ಎಣ್ಣಿ ಕೊಡು. ಸ್ಕ್ರೂ ಬಿಡತಾವ. ಸಾಬಣ್ಣ ಚಿಪ್ ಕೊಡತಾನ. ಶಂಕ್ರವ್ವ ಬೆಸೀತಾಳ. ಕಂಪ್ಯೂಟರ್ ದನಿ ಕೊಡತೈತಿ. ನಿಂಗಜ್ಜಿ ಕರೀತಾಳ. ಬೂದಿಮರಿ ಮನಿಗೆ ಬರತೈತಿ."

"ಎಣ್ಣಿ ಐತಿ, ಗಿಂಡಿ ತಳದಾಗ. ನೇಕಾರರು ಎಣ್ಣಿಗೆ ಬೆರಳು ಅದ್ದೂದಿಲ್ಲ. ನೂಲಿಗೆ ಕಲೆ ಆಗತೈತಿ. ಗರಿಯಿಂದ ತಗೀತೀವಿ. ನನ್ನ ಗರಿ ಮುರದೈತಿ."

"ಗರಿ ಯಾರನ್ನ ಕೇಳಲಿ?"

ತಿಪ್ಪವ್ವ ಅವಳನ್ನೇ ನೋಡಿದಳು.

"ಮೈತುಂಬ ಗರಿ ಹೊತ್ಕೊಂಡು ಊರೆಲ್ಲ ತಿರುಗಿ ಬಂದೀಯಲ್ಲ, ಹುಚ್ಚಿ."

ಚುಕ್ಕಿ ತನ್ನ ಮೈ ನೋಡಿಕೊಂಡಳು. ರೆಕ್ಕೆಯೊಳಗೆ ಕೊಕ್ಕು ಇಟ್ಟಳು. ಎಲ್ಲಕ್ಕಿಂತ ಉದ್ದದ ಗರಿ ಹಿಡಿದಳು. ಕಣ್ಣು ಮುಚ್ಚಿ ಕಿತ್ತಳು. ನೋವಾಯಿತು.

ಗರಿ ಎಣ್ಣೆ ತೆಗೆಯಿತು. ಎಣ್ಣೆ ಸ್ಕ್ರೂ ಬಿಡಿಸಿತು. ಮೋದಿನಸಾಬ ಚಿಪ್ ಕೊಟ್ಟ. ಶಂಕ್ರವ್ವ ಅಜ್ಜನ ಮನೆಗೆ ಬಂದು ಕಂಪ್ಯೂಟರ್ ಬಿಚ್ಚಿದಳು. ಕರಿ ತಂತಿ ಬೆಸೆದಳು. ಬಿಳಿ ತಂತಿ ಬೆಸೆದಳು. ಹಸಿರು ತಂತಿ ಬೆಸೆದಳು. ಕೆಂಪು ತಂತಿಗೆ ಕೈ ತಡೆದಳು.

"ಲಗೂ ಮಾಡವ್ವ," ಅಂದ ಕಲ್ಲಜ್ಜ.

"ತಡಿಯಜ್ಜಾ. ಇಷ್ಟು ಕರೆಂಟು ಕೊಟ್ಟರ ಚಿಪ್ ಸುಡತೈತಿ. ಕೂಸಿಗೆ ಗಂಜಿ ಆರಿಸಿ ಕೊಟ್ಟಂಗ ಕೊಡಬೇಕು."

ಕರೆಂಟು ತಗ್ಗಿಸುವ ಎರಡು ಪುಟ್ಟ ಡಯೋಡು ನಡುವೆ ಇಟ್ಟಳು. ಆಮೇಲೆ ಕೆಂಪು ತಂತಿ ಬೆಸೆದಳು.

ಅಂಗಳದ ಡಬ್ಬಿಯಲ್ಲಿ ನೀಲಿ ದೀಪ ಮಿಟುಕಿತು. ತಿಪ್ಪವ್ವ ಮಗ್ಗ ನಿಲ್ಲಿಸಿದಳು. ಓಣಿಯೆಲ್ಲ ಮಗ್ಗ ನಿಲ್ಲಿಸಿತು.

"ಬಾ ಬಾ ಬಾ. ಹೊತ್ತಾತು. ಮನಿಗೆ ಬಾ."

ನಿಂಗಜ್ಜಿಯ ದನಿ.

ಮುರುಕು ಗಡಿಗೆಯೊಳಗಿಂದ ಬೂದಿ ಬಣ್ಣದ ತಲೆ ಇಣುಕಿತು. ಮುಂಗುಸಿ ಅತ್ತ ತಿರುಗಿತು. ಮರಿ ಓಡಿತು. ಓಡಿ ಓಡಿ ಚುಕ್ಕಿಯ ರೆಕ್ಕೆಯೊಳಗೆ ಹೊಕ್ಕಿತು. ಗರಿ ಕಿತ್ತ ಜಾಗದಲ್ಲೇ ಮೈ ಒತ್ತಿ ಕೂತಿತು.

ಒಂದು, ಎರಡು, ಮೂರು, ನಾಲ್ಕು, ಐದು.

"ಬಾ ಬಾ ಬಾ," ಅಂತಿತ್ತು ಡಬ್ಬಿ. "ಮನಿಗೆ ಬಾ."

ಬರುವವರೆಲ್ಲ ಬಂದಾಗಿತ್ತು. ಆದರೂ ಕಲ್ಲಜ್ಜ ಅದನ್ನು ಆರಿಸಲಿಲ್ಲ. ಹೊಸ್ತಿಲ ಮೇಲೆ ಕೂತ. ಚುಕ್ಕಿ ಮರಿಗಳನ್ನು ಕಟ್ಟಿಕೊಂಡು ಅವನ ಕಾಲ ಹತ್ತಿರ ಬಂದು ಕೂತಳು.