ಬಳೆ ವ್ಯಾಪಾರಿಯ ಹಳೆಯ ಕಾರು

“ಗುರುಗಳೇ, ಈ ಹಳೆಯ ಕಾರನ್ನು ರಿಪೇರಿ ಮಾಡಿಸಿಕೊಂಡೇ ಹೋಗಲೋ, ಮಾರಿಬಿಡಲೋ? ನನಗೇನೂ ತೋಚುತ್ತಿಲ್ಲ” ಎಂದು ನಿಜಗುಣ ಕೇಳಿದ.

ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಅದೇ ಕಾರಿನಲ್ಲಿ ಮಠಕ್ಕೆ ಬಂದಿದ್ದರು. ಹೆಂಡತಿ ದಾಸೋಹದ ಅಡುಗೆಮನೆಗೆ ಹೋಗಿ ತರಕಾರಿ ಹೆಚ್ಚಲು ಕೂತಿದ್ದಳು. ನಿಜಗುಣ ಗುರುಗಳಿಗೆ ಅಡ್ಡಬಿದ್ದು ಎದ್ದವನು ಇನ್ನೂ ಸರಿಯಾಗಿ ಕೂತಿರಲಿಲ್ಲ. ಅವನ ಕಣ್ಣು ಅಂಗಳದಲ್ಲಿ ನಿಂತ ಕಾರಿನ ಮೇಲೆಯೇ ಇತ್ತು.

“ಮೊದಲು ಕೂತುಕೋ. ಕಾರು ಎಲ್ಲಿಗೂ ಹೋಗುವುದಿಲ್ಲ. ಹೋಗುವ ಹಾಗಿದ್ದರೆ ನೀನು ಈ ಪ್ರಶ್ನೆ ಕೇಳುತ್ತಲೇ ಇರಲಿಲ್ಲ” ಎಂದು ಗುರುಗಳು ನಕ್ಕು, ಕತೆ ಹೇಳಿದರು.

ಒಬ್ಬ ಬಳೆ ವ್ಯಾಪಾರಿಯಿದ್ದ. ಅವನೂ ಹೆಂಡತಿಯೂ ಕಾರಿನಲ್ಲಿ ಬಳೆ ತುಂಬಿಕೊಂಡು ಸಂತೆಯಿಂದ ಸಂತೆಗೆ ಹೋಗುತ್ತಿದ್ದರು. ಅವನು ಮಾರುವನು, ಅವಳು ಹೆಂಗಸರ ಕೈ ಹಿಡಿದು ಬಳೆ ತೊಡಿಸುವಳು. ಬಳೆ ತೊಡಿಸಿಕೊಳ್ಳಲು ಬಂದವರು ತಮ್ಮ ಕಷ್ಟಸುಖವನ್ನೆಲ್ಲ ಅವಳ ಮುಂದೆ ಹೇಳಿಕೊಂಡು ಹೋಗುವರು. ಅವಳ ಮಾತು ಕೇಳಲು ಇದ್ದವನು ಗಂಡನೊಬ್ಬನೇ. ಮನೆಯಲ್ಲಿ ಅಣ್ಣತಮ್ಮಂದಿರು, ಅವರ ಸಂಸಾರ, ಹೋಗಿಬರುವ ಜನ. ಇಬ್ಬರೇ ಕೂತು ಮಾತಾಡಲು ಸಿಗುತ್ತಿದ್ದುದು ಆ ಕಾರೊಂದೇ.

ಕಾರು ಊರೂರು ಸುತ್ತಿ ಸವೆದಿತ್ತು. ಇಂದು ಕ್ಲಚ್ಚು, ನಾಳೆ ರೇಡಿಯೇಟರು. ಕೆಟ್ಟು ನಿಂತಾಗ ‘ಇನ್ನು ಸಾಕು, ಮಾರಿಬಿಡುತ್ತೇನೆ’ ಎನ್ನುವನು. ರಿಪೇರಿಯಾದ ಮೇಲೆ ‘ಇಷ್ಟೆಲ್ಲ ಹೊಸದು ಹಾಕಿಸಿ ಇನ್ಯಾರಿಗೋ ಯಾಕೆ ಕೊಡಲಿ’ ಎನ್ನುವನು. ಆಯುಧಪೂಜೆ ಕಳೆಯಲಿ ಎಂದು ಕಾದ. ಪೂಜೆ ಮುಗಿದು ಚಕ್ರದಡಿಯ ನಿಂಬೆಹಣ್ಣು ಒಡೆದ ಮೇಲೆ, ಈಗ ತಾನೇ ಆರತಿ ಎತ್ತಿದ್ದನ್ನು ಮನೆಯಿಂದ ಕಳಿಸುವುದು ಹೇಗೆ ಎಂದು ಸುಮ್ಮನಾದ. ಮಾರಲೂ ಇಲ್ಲ, ನೆಮ್ಮದಿಯಾಗಿ ಓಡಿಸಲೂ ಇಲ್ಲ. ಇಂಥವರನ್ನು ಕಂಡರೆ ನನಗೆ ಸಿಟ್ಟೂ ಬರುತ್ತದೆ, ಅಯ್ಯೋ ಪಾಪ ಎಂದೂ ಅನಿಸುತ್ತದೆ.

ಬರಬರುತ್ತಾ ಅವನಿಗೆ ಸದ್ದಿನ ಹುಚ್ಚು ಹಿಡಿಯಿತು. ಯಾವ ಸದ್ದು ಬಂದರೂ ಇಂಜಿನ್ನಿನದೇ ಎಂದು ಕಿವಿ ನಿಮಿರಿಸುವನು. ಹಿಂದಿನ ಸೀಟಿನಲ್ಲಿದ್ದ ಬಳೆ ಪೆಟ್ಟಿಗೆಗಳು ಗಲಗಲ ಎನ್ನದಂತೆ ಅವುಗಳೊಳಗೆ ಹುಲ್ಲು ತುರುಕಿದ. ಆಮೇಲೆ ಹೆಂಡತಿಯ ಕೈಬಳೆಯೂ ಅಡ್ಡಬಂತು. ಬಳೆ ಮಾರಿ ಬದುಕುವವನು ಬಳೆ ಸದ್ದಾಗಬಾರದು ಎಂದ! ಮುತ್ತೈದೆ ಬಳೆ ತೆಗೆಯುವಂತಿಲ್ಲ. ಅವಳು ಬಳೆಗಳನ್ನು ಮೊಣಕೈಯತ್ತ ಏರಿಸಿ, ಕೈಯನ್ನು ಸೆರಗಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡಳು.

ಆ ದಿನಗಳಲ್ಲೇ ಅವರ ಮಗಳಿಗೆ ಗಂಡನ ಮನೆಯಲ್ಲಿ ಹಿಂಸೆ. ತಾಯಿಗೆ ಫೋನ್ ಮಾಡಿ ಅಳುತ್ತಿದ್ದಳು. ಅಪ್ಪನಿಗೆ ಹೇಳಿ ನನ್ನನ್ನು ಕರೆಸಿಕೋ ಎನ್ನುತ್ತಿದ್ದಳು. ತುಂಬಿದ ಮನೆಯಲ್ಲಿ ಆಡುವ ಮಾತಲ್ಲ ಅದು. ಕಾರು ಊರು ದಾಟಿದ ಮೇಲೆ ಹೆಂಡತಿ ಬಾಯಿ ತೆರೆಯುವಳು.

“ಏನೂಂದ್ರೆ, ಮಗಳ ವಿಷಯ ಒಂದು...”

“ಷ್! ಸ್ವಲ್ಪ ಸುಮ್ನಿರೇ. ಮುಂದ್ಗಡೆಯಿಂದ ಏನೋ ಸದ್ದು ಬರ್ತಾ ಇದೆ.”

ಪ್ರತಿ ಸಂತೆಗೂ ಇದೇ ಆಯಿತು. ಕೊನೆಗೆ ಅವಳು ಬಾಯಿ ತೆರೆಯುವುದನ್ನೇ ಬಿಟ್ಟಳು.

ಒಂದು ದಿನ ಕಾರು ನಡುದಾರಿಯಲ್ಲಿ ಪೂರ್ತಿ ಕೈಕೊಟ್ಟಿತು. ಅವನು ಅದನ್ನು ಕೊಟ್ಟು ಹೊಸದು ತಂದ. ಹೊಸ ಕಾರಿನಲ್ಲಿ ಸದ್ದೇ ಇಲ್ಲ. ಹಾಯೆನಿಸಿತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಅದೇಕೋ ಮತ್ತೆ ತಳಮಳ. ಏನೋ ಇರಬೇಕಾದದ್ದು ಇಲ್ಲ ಎನಿಸಿತು. ಪಕ್ಕಕ್ಕೆ ತಿರುಗಿ ನೋಡಿದ. ಹೆಂಡತಿಯ ಕೈ ಇನ್ನೂ ಸೆರಗಿನೊಳಗೇ ಇತ್ತು.

“ಮಗಳ ವಿಷಯ ಏನೋ ಹೇಳ್ಬೇಕು ಅಂತಿದ್ದೆಯಲ್ಲ, ಈಗ ಹೇಳು” ಎಂದ.

“ಹೇಳೋಕೆ ಏನಿಲ್ಲ ಬಿಡಿ. ಅವಳು ಈಗ ನನಗೂ ಏನೂ ಹೇಳಲ್ಲ” ಎಂದಳು.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. ನಿಜಗುಣ ಮತ್ತೊಮ್ಮೆ ಅಂಗಳದತ್ತ ಕಣ್ಣು ಹಾಯಿಸಿದ.

“ಹಾಗಾದರೆ ಅವನು ಆ ಕಾರನ್ನು ಮೊದಲೇ ಮಾರಬೇಕಿತ್ತು ಅನ್ನುತ್ತೀರಾ, ಗುರುಗಳೇ?” ಎಂದ.

ಗುರುಗಳು ಅವನ ಮುಖವನ್ನೇ ನೋಡುತ್ತಾ ಕೇಳಿದರು: “ಅದಿರಲಿ, ಇವತ್ತು ಬರುವಾಗ ದಾರಿಯಲ್ಲಿ ನಿನ್ನ ಹೆಂಡತಿ ನಿನಗೆ ಏನು ಹೇಳುತ್ತಿದ್ದಳು?”