ಪಾಳೇಗಾರ ಕೇಳಿದ ಜಗಳವಿಲ್ಲದ ಕಥೆ

ಹರಳೂರಿನ ಪಾಳೇಗಾರ ರಂಗಪ್ಪನಾಯಕನ ಮನೆಯಲ್ಲಿ ಒಂದು ಪದ್ಧತಿ. ಶನಿವಾರ ನಾಯಕ ಮೈತುಂಬ ಎಣ್ಣೆ ಹಚ್ಚಿಸಿಕೊಂಡು ಬಚ್ಚಲಲ್ಲಿ ಕೂರಬೇಕು, ಎಣ್ಣೆ ತಿಕ್ಕುವ ಮುದ್ದಯ್ಯ ಕಥೆ ಹೇಳಬೇಕು. ಕಥೆ ಮುಗಿದ ಮೇಲೇ ತಲೆಗೆ ಬಿಸಿನೀರು. ಅಜ್ಜನ ಕಾಲದ್ದು, ತಪ್ಪುವಂತಿಲ್ಲ.

ಆ ಶನಿವಾರ ನಾಯಕ ಗುಡುಗಿದ. "ಕಥೆ ಅಂದ್ರೆ ಬರೀ ಜಗಳವೇ ಏನೋ? ಅಣ್ಣತಮ್ಮಂದಿರು ಬಡಿದಾಡೋದು, ಬಿರುಗಾಳಿ ಜೊತೆ ಸೆಣಸಿ ದೋಣಿ ಮುಳುಗೋದು, ಒಬ್ಬನೇ ಕೂತು ಮನಸ್ಸಿನೊಳಗೆ ಗುದ್ದಾಡೋದು! ಇವತ್ತು ಯಾವ ಜಗಳವೂ ಬರಕೂಡದು. ಬಂತೋ, ನಿನ್ನ ಕೆಲಸ ಹೋಯ್ತು!"

"ಅಪ್ಪಣೆ ಬುದ್ಧಿ" ಎಂದ ಮುದ್ದಯ್ಯ. "ಒಂದೂರಲ್ಲಿ ಒಬ್ಬ ರಾಜ. ಉಂಡ, ಮಲಗಿದ, ಎದ್ದ. ಮಾರನೇ ದಿನವೂ ಉಂಡ, ಮಲಗಿದ, ಎದ್ದ. ಅದರ ಮಾರನೇ ದಿನವೂ..."

ರಾಜ ಇಪ್ಪತ್ತನೇ ಸಲ ಏಳುವಷ್ಟರಲ್ಲಿ ನಾಯಕನ ಕಣ್ಣಿಗೆ ಎಣ್ಣೆ ಇಳಿದಿತ್ತು. ಕಿಂಡಿಯ ಗಾಳಿಗೆ ಹಲ್ಲು ಕಟಕಟ ಎನ್ನುತ್ತಿತ್ತು.

"ಬೇಗ ಮುಗಿಸೋ!"

"ಹೇಗೆ ಮುಗಿಸಲಿ ಬುದ್ಧಿ? ಜಗಳ ಹತ್ತಿದ್ರೆ ತಾನೆ ಅದು ಬಗೆಹರಿದು ಕಥೆ ಮುಗಿಯೋದು?"

ನೀರು ಸುರಿ ಎಂದರೆ ಅಜ್ಜನ ಪದ್ಧತಿ ಮುರಿಯುತ್ತದೆ. ಜಗಳ ಸೇರಿಸು ಎಂದರೆ ತನ್ನ ಮಾತೇ ಮುರಿಯುತ್ತದೆ. ನಾಯಕ ಒಳಗೊಳಗೇ ಒದ್ದಾಡಿದ. ಕೊನೆಗೆ ಮುದ್ದಯ್ಯನಿಗೆ ಹೊಡೆಯಲು ಎದ್ದು, ಎಣ್ಣೆಗೆ ಜಾರಿ ದೊಪ್ಪನೆ ಕೂತ.

ಮುದ್ದಯ್ಯ ಕೈಮುಗಿದ. "ಚಳಿ ಜೊತೆ ಜಗಳ, ನಿಮ್ಮ ಮನಸ್ಸಿನ ಜೊತೆ ಜಗಳ, ಈಗ ನನ್ನ ಜೊತೆ. ಮೂರನ್ನೂ ನೀವೇ ತಂದ್ರಿ ಬುದ್ಧಿ. ಕಥೆ ಈಗ ಶುರುವಾಯ್ತು."

"ಅಯ್ಯೋ, ಗೆದ್ದದ್ದು ಯಾರು ಅಂತ ಹೇಳಿ ಮುಗಿಸೋ!"

"ಬಿಸಿನೀರು ಬುದ್ಧಿ" ಎಂದು ಮುದ್ದಯ್ಯ ಮೊದಲ ಚೆಂಬು ಸುರಿದ.